ಜ್ವರಕ್ಕೆ ಕೂತ ತಟ್ಟೆ

ಹಳೆಯ ಬಿತ್ತನೆ ಕೋಠಿಯಲ್ಲಿ ಈಗ ರೇಷ್ಮೆಹುಳು ಸಾಕುವುದಿಲ್ಲ, ಮನುಷ್ಯರ ಕೆನ್ನೆ ಸಾಕುತ್ತಾರೆ. ಬಿಳಿದಾಳೆದೊಡ್ಡಿಯ ಹೊನ್ನಗಂಗಮ್ಮ ತನ್ನ ಕೆಲಸವನ್ನು ಊರವರಿಗೆ ಹೇಳಿಕೊಂಡದ್ದೇ ಹೀಗೆ. ಮೊದಮೊದಲು ಕೇಳಿದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಒಂದು ವರ್ಷ ಕಳೆಯುವ ಹೊತ್ತಿಗೆ ಸುತ್ತಲ ಹಳ್ಳಿಗಳಿಂದ ಊರಿಗೆ ಎರಡು ಮೂರರಂತೆ ಕೆನ್ನೆಗಳು ಆ ಕೋಠಿಗೆ ಹೋಗಿ ಬಂದಿದ್ದವು. ನಗುವವರು ಕಮ್ಮಿಯಾದರು.

ಕೋಠಿ ಎಂದರೆ ಸರ್ಕಾರದವರು ರೈತರಿಗೆ ರೋಗವಿಲ್ಲದ ರೇಷ್ಮೆ ಮೊಟ್ಟೆ ಮಾಡಿ ಕೊಡುತ್ತಿದ್ದ ಕಟ್ಟಡ. ಎರಡಡಿ ದಪ್ಪದ ಗೋಡೆ, ಎತ್ತರದ ಹೆಂಚಿನ ಸೂರು, ನೊಣ ನುಸುಳದಂತೆ ಕಿಟಕಿಗಳಿಗೆಲ್ಲ ಸಣ್ಣ ಕಣ್ಣಿನ ಜಾಲರಿ, ಹೊಸ್ತಿಲ ಬಳಿ ಕಾಲು ಅದ್ದಿ ಬರಲು ಔಷಧದ ನೀರಿನ ತೊಟ್ಟಿ. ಧೂಳಿಲ್ಲದ, ತಂಪು ಏರಿಳಿಯದ ಜಾಗ ಹುಡುಕಿಕೊಂಡು ತಾಲ್ಲೂಕೆಲ್ಲ ಸುತ್ತಿದ ಅಂಗಾಂಶ ಬೆಳೆಸುವ ಕೇಂದ್ರದವರು ಕಡೆಗೆ ಇದನ್ನೇ ಹಿಡಿದರು. ಒಳಗೆ ಗಾಜಿನ ಗೋಡೆ ಎದ್ದಿತು, ಅಚ್ಚಿನ ಯಂತ್ರ ಬಂತು.

ಬಾಯಲ್ಲಿ ಹುಣ್ಣೆದ್ದು ಕ್ಯಾನ್ಸರ್ ಎಂದು ಗೊತ್ತಾದವರ ಕೆನ್ನೆಯಿಂದ ದೊಡ್ಡಾಸ್ಪತ್ರೆಯವರು ಅಕ್ಕಿಕಾಳಿನಷ್ಟು ಮಾಂಸ ತೆಗೆದು, ತಂಪು ಡಬ್ಬಿಯಲ್ಲಿಟ್ಟು ಇಲ್ಲಿಗೆ ಕಳಿಸುವರು. ಇಲ್ಲಿ ಅದನ್ನು ಬಿಡಿಬಿಡಿ ಜೀವಕೋಶಗಳನ್ನಾಗಿ ಮಾಡಿ, ರೇಷ್ಮೆಗೂಡು ಕರಗಿಸಿ ಮಾಡಿದ ಲೋಳೆಯಲ್ಲಿ ಕಲಸಿ, ಯಂತ್ರದ ಸೂಜಿಗೆ ತುಂಬುವರು. ಸೂಜಿ ರಂಗೋಲಿ ಎಳೆದಂತೆ ಎಳೆಯ ಮೇಲೆ ಎಳೆ ಬಿಡುತ್ತ ಅಂಗೈಯಗಲದ ಗಾಜಿನ ತಟ್ಟೆಯಲ್ಲಿ ಮೂರು ಕೋಣೆ ಕಟ್ಟುತ್ತದೆ. ಒಂದು ಕೆನ್ನೆ, ಒಂದು ಕತ್ತಿನ ಗಂಟು, ಅಂದರೆ ರೋಗ ಹರಡಿದರೆ ಮೊದಲು ಸೇರುವ ದುಗ್ಧಗ್ರಂಥಿ, ಇನ್ನೊಂದು ಶ್ವಾಸಕೋಶ. ನಡುವೆ ಕೂದಲಿಗಿಂತ ಸಣ್ಣ ರಕ್ತನಾಳಗಳು. ರೋಗದ ಕೋಶಗಳು ಮಾತ್ರ ಹಸಿರಾಗಿ ಹೊಳೆಯುವಂತೆ ಮಾಡಿರುತ್ತಾರೆ. ಮೇಲಿನ ಕ್ಯಾಮೆರಾ ದಿನಕ್ಕೆ ನಾಲ್ಕು ಸಲ ಚಿತ್ರ ತೆಗೆದು ಹಸಿರು ಚುಕ್ಕೆ ಎಣಿಸುತ್ತದೆ. ಇಪ್ಪತ್ತೊಂದು ದಿನದೊಳಗೆ ಚುಕ್ಕೆಗಳು ಕೆನ್ನೆಯಿಂದ ಕತ್ತಿನ ಕೋಣೆಗೆ ದಾಟಿದರೆ ‘ಹರಡುತ್ತದೆ’ ಎಂದು ಚೀಟಿ, ದಾಟದಿದ್ದರೆ ‘ಹರಡುವುದಿಲ್ಲ’ ಎಂದು ಚೀಟಿ. ಮೊದಲೆಲ್ಲ ಸರ್ಜನ್ನರು ಅಂದಾಜಿನ ಮೇಲೆ ಎಲ್ಲರ ಕತ್ತನ್ನೂ ಸೀಳಿ ಗಂಟು ತೆಗೆಯುತ್ತಿದ್ದರು. ಬೇಕಿಲ್ಲದಿದ್ದವರಿಗೂ ನರಕ್ಕೆ ಪೆಟ್ಟು ಬಿದ್ದು ತೋಳು ಸೋತುಹೋಗುತ್ತಿತ್ತು. ಈಗ ತಟ್ಟೆ ಹೇಳಿದರೆ ಮಾತ್ರ ಕತ್ತಿಗೆ ಕತ್ತರಿ.

ತಟ್ಟೆಯಲ್ಲಿರುವುದು ಜೀವವಲ್ಲವೇ, ಅದಕ್ಕೆ ದಿನಕ್ಕೆರಡು ಹೊತ್ತು ಪೋಷಣೆಯ ದ್ರವ ಬಿಡಬೇಕು. ಪಂಪಿನಿಂದ ಬಿಟ್ಟರೆ ರೇಷ್ಮೆಯ ಲೋಳೆ ಅದುರಿ ನಾಳ ಕುಸಿಯುತ್ತಿತ್ತು. ಹಾಗಾಗಿ ಚಾಕಿ ಕೇಂದ್ರಗಳಲ್ಲಿ ದುಡಿದ ಆರು ಮಂದಿ ಹೆಂಗಸರನ್ನು ಕರೆದರು. ಚಾಕಿ ಎಂದರೆ ಆಗತಾನೇ ಮೊಟ್ಟೆಯೊಡೆದ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳನ್ನು ಸಾಕುವ ಕೆಲಸ. ಕೋಳಿಗರಿಯಲ್ಲಿ ಹುಳು ಸವರಿ ಎತ್ತಿಡುವ ಕೈ ಅವರದು. ಗಂಗಮ್ಮ ಅಂಥ ಕೆಲಸವನ್ನು ಇಪ್ಪತ್ತೆರಡು ವರ್ಷ ಮಾಡಿದ್ದಳು. ತಟ್ಟೆಯ ಅಂಚಿನಲ್ಲಿ ಅವಳು ತೊಟ್ಟು ಬಿಟ್ಟರೆ ಒಳಗಿನ ಲೋಳೆಗೆ ಸುದ್ದಿಯೇ ತಿಳಿಯುತ್ತಿರಲಿಲ್ಲ. ದ್ರವಕ್ಕೆ ಹೆಂಗಸರೆಲ್ಲ ‘ಮೇವು’ ಎಂದೇ ಹೆಸರಿಟ್ಟರು.

ಸೇರಿದ ಮೊದಲ ತಿಂಗಳಲ್ಲೇ ಗಂಗಮ್ಮ ಒಂದು ಸಂಗತಿ ಕಂಡಳು. ಒಂಬತ್ತನೇ ದಿನದ ಹೊತ್ತಿಗೆ, ಅಷ್ಟು ದಿನ ಕಾಲು ಚಾಚಿಕೊಂಡು ಹರಿದಾಡುತ್ತಿದ್ದ ಹಸಿರು ಕೋಶಗಳು ಕಾಲೆಳೆದುಕೊಂಡು, ಗುಂಡಗಾಗಿ, ನಿಂತಲ್ಲೇ ನಿಂತುಬಿಡುತ್ತಿದ್ದವು. ಅವಳಿಗೆ ಅದು ಹೊಸದೆನಿಸಲಿಲ್ಲ. ರೇಷ್ಮೆಹುಳು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಬಿಟ್ಟು, ತಲೆಯೆತ್ತಿ, ಕಲ್ಲಿನಂತೆ ನಿಲ್ಲುತ್ತದೆ. ಅದಕ್ಕೆ ರೈತರು ಜ್ವರ ಎನ್ನುತ್ತಾರೆ, ಮೈ ಬಿಸಿಯಾಗುವ ಜ್ವರವಲ್ಲದಿದ್ದರೂ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು, ಹತ್ತಿರ ನಿಂತು ಕೆಮ್ಮಲೂ ಬಾರದು. ಸೊಪ್ಪು ಹಾಕಿದರೆ ಮುಂಚೆ ಎದ್ದ ನಾಲ್ಕು ಹುಳು ತಿಂದು ದಪ್ಪಗಾಗುತ್ತವೆ, ಮಲಗಿದ್ದವು ಎಲೆಯಡಿ ಬೆವತು ಕೊಳೆಯುತ್ತವೆ, ಬೆಳೆ ಏರುಪೇರಾಗುತ್ತದೆ.

ಆಗ ಮೇಲ್ವಿಚಾರಣೆಗಿದ್ದ ಎಂಜಿನಿಯರನ್ನು ಅವಳು ಕೇಳಿದಳು. “ಸಾ, ಇವೂ ಜ್ವರಕ್ಕೆ ಕೂತ್ಕತವಾ?”

ಆತ ಕಂಪ್ಯೂಟರಿನಿಂದ ಕಣ್ಣು ಕೀಳದೆ ನಕ್ಕ. “ಹೂಂ ಗಂಗಮ್ಮ, ಜ್ವರಾನೇ. ನಿಮ್ಮ ಹುಳ ನೋಡ್ಕೊಂಡ ಹಾಗೇ ನೋಡ್ಕೊಳ್ಳಿ.”

ಆತನ ಮಟ್ಟಿಗೆ ಅದೊಂದು ತಮಾಷೆ. ಗಂಗಮ್ಮನ ಮಟ್ಟಿಗೆ ಸಾಹೇಬರ ಅಪ್ಪಣೆ. ಅಂದಿನಿಂದ ಜ್ವರಕ್ಕೆ ಕೂತ ತಟ್ಟೆಗೆ ಅವಳು ಎರಡು ದಿನ, ನಾಲ್ಕು ಹೊತ್ತು, ಮೇವು ಬಿಡಲಿಲ್ಲ. ಮೇವಾದ ಮೇಲೆ ತಟ್ಟೆಯ ಪಕ್ಕದ ಗುಂಡಿ ಒತ್ತಬೇಕಿತ್ತು, ಒತ್ತದಿದ್ದರೆ ಕೆಂಪು ದೀಪ ಹತ್ತಿ ಯಂತ್ರ ಕೂಗಿಕೊಳ್ಳುತ್ತಿತ್ತು. ಜ್ವರದ ತಟ್ಟೆಯ ಬಳಿ ಗದ್ದಲ ಸಲ್ಲದೆಂದು ಅವಳು ಮೇವು ಬಿಡದೆಯೇ ಗುಂಡಿ ಒತ್ತಿ ಅದನ್ನು ಸುಮ್ಮನಾಗಿಸುತ್ತಿದ್ದಳು. ಅವಳ ತಟ್ಟೆಗಳು ಒಂದರ ಹಾಗೆ ಒಂದು ಬಂದವು. ಮೂರು ತಿಂಗಳಲ್ಲಿ ಆ ಎಂಜಿನಿಯರ್ ಬೇರೆ ಕಡೆಗೆ ಹೋಗಿ, ಡಾಕ್ಟರ್ ತಹಸೀನ್ ಬಂದರು. ಅವರ ತಾತ ಅದೇ ಪಟ್ಟಣದಲ್ಲಿ ನೂಲು ಬಿಚ್ಚುವ ಕಾರ್ಖಾನೆ ನಡೆಸಿದವರು, ರೇಷ್ಮೆಯವರ ಮೇಲೆ ಆಕೆಗೆ ಅಕ್ಕರೆ. ಮೊದಲ ಸಭೆಯಲ್ಲೇ, “ಗಂಗಮ್ಮನವರ ತಟ್ಟೆ ನೋಡಿ ಎಷ್ಟು ಹದವಾಗಿದೆ. ಅವರನ್ನ ನೋಡಿ ಎಲ್ಲರೂ ಕಲೀರಿ” ಎಂದರು. ಎಲ್ಲರೂ ಕಲಿತರು. ಇದರಲ್ಲಿ ತಪ್ಪೇನಾದರೂ ಇದ್ದೀತೆಂದು ಯಾರಿಗೂ ಹೊಳೆಯಲಿಲ್ಲ.

*

ಬೋರಮ್ಮ ಗಂಗಮ್ಮನ ಓರಗಿತ್ತಿ, ಅವಳಿಗಿಂತ ಆರು ವರ್ಷ ಹಿರಿಯಳು. ಗಂಗಮ್ಮನ ಗಂಡ ತೀರಿಕೊಂಡ ಮೇಲೂ ಎರಡು ಮನೆಗೆ ಒಂದೇ ಹಿಪ್ಪುನೇರಳೆ ತೋಟ, ಒಂದೇ ಹುಳುಮನೆ. ಬೋರಮ್ಮನಿಗೆ ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಬೇಕೇ ಬೇಕು. ಹೊಗೆಸೊಪ್ಪಿನ ಗಾಳಿ ಸೋಕಿದರೆ ಹುಳು ಹಸಿರು ಕಕ್ಕಿ ಸಾಯುತ್ತದೆ. ಹಾಗಾಗಿ ಅವಳು ಹುಳುಮನೆಗೆ ಬರುವ ಮುಂಚೆ ಬೇಲಿಯಾಚೆ ಉಗಿದು, ಮೂರು ಸಲ ಬಾಯಿ ಮುಕ್ಕಳಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಬರುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ.

“ಅಕ್ಕ, ವಾಸ್ನೆ ತಾಕಿದ್ರೇ ಹುಳ ಸಾಯ್ತವೆ. ನೀನು ದವಡೇಲಿ ಮಡೀಕಂಡು ಮಲಗ್ತೀಯಲ್ಲ” ಎಂದು ಗಂಗಮ್ಮ ರೇಗಿದರೆ, “ನಾನೇನು ಗೂಡು ಕಟ್ಬೇಕಾ ಬುಡು” ಎನ್ನುತ್ತಿದ್ದಳು.

ಮುದ್ದೆ ಮುರಿದು ಬಾಯಿಗಿಡುವ ಅವಳ ತುತ್ತು ದಿನದಿನಕ್ಕೆ ಸಣ್ಣದಾಗುತ್ತ ಬಂದದ್ದನ್ನು ಮೊದಲು ಕಂಡವಳು ಗಂಗಮ್ಮ. ನಿಂಬೆಗಾತ್ರದ ತುತ್ತು ನೆಲ್ಲಿಗಾತ್ರವಾಯಿತು, ಆಮೇಲೆ ಬರೀ ಸಾರಿನಲ್ಲಿ ಕದಡಿ ಕುಡಿಯುವುದಾಯಿತು. ಬಾಯಿ ತೆರೆಸಿ ನೋಡಿದರೆ ಎಡಗೆನ್ನೆಯೊಳಗೆ ಅಂಚು ಕಟ್ಟಿದ ಹುಣ್ಣು. ದೊಡ್ಡಾಸ್ಪತ್ರೆಗೆ ಗಂಗಮ್ಮನೇ ಕರೆದೊಯ್ದಳು. ಕ್ಯಾನ್ಸರ್ ಎಂದರು, ಕೆನ್ನೆಯಿಂದ ಅಕ್ಕಿಕಾಳಿನಷ್ಟು ಮಾಂಸ ತೆಗೆದುಕೊಂಡರು. ಮೂರನೆಯ ದಿನ ಬೋರಮ್ಮ ಆಸ್ಪತ್ರೆಯಿಂದ ಬಂದ ಕಾಗದವನ್ನು ಗಂಗಮ್ಮನ ಮುಂದೆ ಹಿಡಿದು, “ಓದು ಇದ. ನಾನೀಗ ಬೋರಮ್ಮ ಅಲ್ವಂತೆ, ನಾನ್ನೂರ ಹದಿನೇಳಂತೆ” ಎಂದಳು.

ಯಾರ ತಟ್ಟೆ ಯಾವುದೆಂದು ಸಾಕುವವರಿಗೆ ತಿಳಿಯಬಾರದೆಂದು ಕೋಠಿಯಲ್ಲಿ ನಿಯಮ. ಗಂಗಮ್ಮ ಮುಖ ತಿರುಗಿಸುವಷ್ಟರಲ್ಲಿ ಅಂಕಿ ಕಣ್ಣಿಗೆ ಬಿದ್ದಾಗಿತ್ತು.

“ನನ್ ಕೆನ್ನೆ ಅಚ್ಚು ಹಾಕ್ತಾರಲ್ಲ, ಅದ್ರಲ್ಲಾದ್ರೂ ಒಸಿ ಬೆಳ್ಳಗೆ ಹಾಕಕ್ಕೆ ಹೇಳೇ ಗಂಗಿ.”

ಬೋರಮ್ಮನ ಗಂಡ ಮಾಯಿಗೌಡ ಜಗಲಿಯಿಂದಲೇ ಕೂಗಿದ. “ಬಾಯಿ ಒಂದು ಬುಟ್ಟು ಹಾಕಕ್ಕೆ ಹೇಳವ್ವ. ನಾನು ಆ ತಟ್ಟೆ ಜೊತೇಲೇ ಸಂಸಾರ ಮಾಡ್ತೀನಿ.”

ಮೂವರೂ ನಕ್ಕರು. ನಕ್ಕದ್ದರಿಂದ ಕೆನ್ನೆ ನೊಂದು ಬೋರಮ್ಮ ಕೈ ಒತ್ತಿಕೊಂಡಳು. ನೋವು ಇಳಿದ ಮೇಲೆ ತಗ್ಗಿದ ದನಿಯಲ್ಲಿ, “ತಮಾಷೆ ಇರ್ಲಿ. ಅದು ನಿನ್ ಕೈಗೆ ಬಂದ್ರೆ ಚೆನ್ನಾಗಿ ಸಾಕು. ಅದು ಸರ್ಯಾಗಿ ಹೇಳ್ಬೇಕು ಕಣೆ. ಹರಡ್ತದೆ ಅಂದ್ರೆ ಕತ್ತು ಕುಯ್ಯಲಿ, ನಾ ಎದ್ರಲ್ಲ. ಸುಮ್ಸುಮ್ಕೆ ಕುಯ್ದು ತೋಳು ಬಿದ್ದೋದ್ರೆ ಸೊಪ್ಪು ಕತ್ತರ್ಸೋರು ಯಾರು? ಹರಡೋದಾಗಿದ್ದು ಕುಯ್ಯದಲೇ ಬುಟ್ರೆ ನಾನೇ ಇರಲ್ಲ. ಅಷ್ಟೇಯ” ಎಂದಳು.

“ಸಾಕ್ತೀನಿ ಕಣಕ್ಕ.”

*

ನಾನ್ನೂರ ಹದಿನೇಳು ಗಂಗಮ್ಮನ ಸಾಲಿಗೇ ಬಂತು. ಮೂರನೇ ದಿನದಿಂದಲೇ ಅದರ ಕೋಶಗಳು ಚುರುಕಾಗಿದ್ದವು. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ಅವಳು ಉಸಿರು ಬಿಗಿಹಿಡಿದು ತೊಟ್ಟು ಬಿಡುತ್ತಿದ್ದಳು. ಬಿಟ್ಟ ಮೇಲೆ ಸೂಕ್ಷ್ಮದರ್ಶಕದ ಪರದೆಯಲ್ಲಿ ನೋಡುತ್ತಿದ್ದಳು. ಅಕ್ಕನ ಕೆನ್ನೆಯೊಳಗಿನ ಆ ಹಸಿರು ಕಾಲುಗಳನ್ನು ನೋಡದೆ ಇರಲಾಗುತ್ತಿರಲಿಲ್ಲ.

ಒಂಬತ್ತನೇ ದಿನ ಬೆಳಗ್ಗೆ ಅವು ಕೂತಿದ್ದವು. ಗುಂಡಗೆ, ಒಂದೂ ಅಲುಗದೆ.

ಉಳಿದ ತಟ್ಟೆಗಳಿಗಿಂತ ಹೆಚ್ಚಿನ ಭಕ್ತಿಯಿಂದ ಗಂಗಮ್ಮ ಇದರ ಜ್ವರ ಕಾದಳು. ಪಕ್ಕದ ಸಾಲಿನ ಹೆಂಗಸಿಗೆ ಮೆತ್ತಗೆ ಓಡಾಡಲು ಹೇಳಿದಳು. ಹೊತ್ತು ಹೊತ್ತಿಗೆ ಬಂದು ಗುಂಡಿ ಒತ್ತಿ ಯಂತ್ರದ ಬಾಯಿ ಮುಚ್ಚಿದಳು. ನಾಲ್ಕು ಹೊತ್ತು ಕಳೆದು, ಹನ್ನೊಂದನೇ ದಿನ ಮೇವು ಬಿಟ್ಟಳು. ಅವು ಏಳಲಿಲ್ಲ. ಹದಿನೈದಕ್ಕೂ ಏಳಲಿಲ್ಲ. ಅವಳ ಕೈಯ ತಟ್ಟೆಗಳಲ್ಲಿ ಎಷ್ಟೋ ಹಾಗೆ ಏಳದೆಯೇ ಉಳಿಯುತ್ತಿದ್ದವು. ಹುಳು ಏಳದಿದ್ದರೆ ಸಂಕಟ, ಇವು ಏಳದಿದ್ದರೆ ಒಬ್ಬರು ಬದುಕಿದರು ಎಂದು ಅವಳು ಸಮಾಧಾನ ಪಟ್ಟುಕೊಳ್ಳುತ್ತಿದ್ದಳು.

ಇಪ್ಪತ್ತೊಂದನೇ ದಿನ ಚೀಟಿ ಬಂತು. ಹರಡುವುದಿಲ್ಲ.

ಮಾಯಿಗೌಡ ಅದನ್ನು ಎರಡು ಸಲ ಓದಿಸಿಕೊಂಡು, ತಿರುಗಿ ಮಡಿಚಿ, ಯಾರಿಗೂ ಕಾಣದಂತೆ ಹಿತ್ತಿಲಿಗೆ ಹೋಗಿ ಮೂಗು ಸೀಟಿ ಬಂದ. ಬೋರಮ್ಮ ಅತ್ತಿತ್ತ ಕತ್ತು ತಿರುಗಿಸಿ ನೋಡಿಕೊಂಡಳು, ಹೊಸ ಸರ ಹಾಕಿಕೊಂಡವಳ ಹಾಗೆ.

ಇಪ್ಪತ್ತಮೂರನೇ ದಿನ ದೊಡ್ಡಾಸ್ಪತ್ರೆಯಲ್ಲಿ ಅವಳ ಕೆನ್ನೆಯ ಗೆಡ್ಡೆ ತೆಗೆದರು. ಕತ್ತು ಮುಟ್ಟಲಿಲ್ಲ. ಅದೇ ಬೆಳಗ್ಗೆ ಕೋಠಿಯಲ್ಲಿ, ಅವಧಿ ಮುಗಿದ ತಟ್ಟೆಗಳನ್ನು ಆವಿಪೆಟ್ಟಿಗೆಗೆ ಹಾಕಿ ಸಾಯಿಸುವ ಸರದಿ ಗಂಗಮ್ಮನದು. ಗೂಡಿನೊಳಗಿನ ಹುಳುವನ್ನೂ ಹೀಗೇ ಆವಿಯಲ್ಲಿ ಕೊಲ್ಲುತ್ತಾರೆ, ಅವಳಿಗೆ ಅದು ಹೊಸತಲ್ಲ. ಹತ್ತು ತಟ್ಟೆ ಹಾಕಿದಳು. ಹನ್ನೊಂದನೆಯದು ನಾನ್ನೂರ ಹದಿನೇಳು. ಅಲ್ಲಿ ಅಕ್ಕ ಮೇಜಿನ ಮೇಲೆ ಮೈಮರೆತು ಮಲಗಿದ್ದಾಳೆ, ಇಲ್ಲಿ ಅವಳ ಕೆನ್ನೆಯನ್ನು ತಾನು ಬೇಯಿಸುವುದೇ ಎನಿಸಿತು. ಅಕ್ಕ ಮನೆಗೆ ಬಂದ ಮೇಲೆ ಹಾಕೋಣವೆಂದು ಬೆಚ್ಚನೆಯ ಬೀರುವಿನ ಕೆಳಗೂಡಿನ ಹಿಂಬದಿಗೆ ಅದನ್ನು ತಳ್ಳಿದಳು. ಇಟ್ಟ ಮೇಲೆ ಹಸಿದಿರಲು ಬಿಡಲಾಗದೆ, ಎರಡು ಹೊತ್ತೂ ಉಳಿದ ಮೇವು ಹಾಕಿದಳು.

ಇಪ್ಪತ್ತೇಳನೇ ದಿನ ಬೆಳಗ್ಗೆ ಪರದೆಯಲ್ಲಿ ನೋಡಿದಾಗ ಅವೆಲ್ಲ ಎದ್ದಿದ್ದವು.

ಒಂದೂ ಹಿಂದುಳಿದಿರಲಿಲ್ಲ, ಒಂದೂ ಮುಂದೆ ಹೋಗಿರಲಿಲ್ಲ. ಎಲ್ಲ ಕಾಲು ಚಾಚಿ, ಒಂದೇ ಕಡೆ ಮುಖ ಮಾಡಿ ಹೊರಟಿದ್ದವು. ಎಷ್ಟು ಹದವಾಗಿ ಎದ್ದವು ಎಂದು ಅವಳಿಗೆ ಒಂದು ಕ್ಷಣ ಹಿಗ್ಗಾಯಿತು. ಇಪ್ಪತ್ತೆರಡು ವರ್ಷದ ರೂಢಿಯ ಹಿಗ್ಗು. ಮರುಕ್ಷಣ ಅದು ಅಕ್ಕನ ತಟ್ಟೆಯೆಂದು ನೆನಪಾಯಿತು. ಇಪ್ಪತ್ತೊಂಬತ್ತನೇ ದಿನಕ್ಕೆ ಕತ್ತಿನ ಕೋಣೆಯ ತುಂಬ ಹಸಿರಿತ್ತು.

*

ಡಾಕ್ಟರ್ ತಹಸೀನ್ ತಟ್ಟೆಯನ್ನು ನೋಡಿದರು, ಗಂಗಮ್ಮನನ್ನು ನೋಡಿದರು. ಬಚ್ಚಿಟ್ಟಿದ್ದ ತಟ್ಟೆಯನ್ನು ಅವಳೇ ತಂದು ಮುಂದಿಟ್ಟಿದ್ದಳು.

“ಜ್ವರ ಬುಟ್ಟು ಎದ್ದವೆ ಮೇಡಂ” ಎಂದಳು ಗಂಗಮ್ಮ. “ತಡ್ವಾಗಿ ಎದ್ದವೆ.”

“ಯಾವ ಜ್ವರ?”

ಗಂಗಮ್ಮ ಹೇಳಿದಳು. ಎಂಜಿನಿಯರ್ ಹೇಳಿದ್ದು, ಎರಡು ದಿನ ಮೇವು ನಿಲ್ಲಿಸಿದ್ದು, ಯಂತ್ರ ಕೂಗದಂತೆ ಗುಂಡಿ ಒತ್ತಿದ್ದು, ಇದು ಓರಗಿತ್ತಿಯ ತಟ್ಟೆಯೆಂದು ತನಗೆ ತಿಳಿದದ್ದು. ಹೇಳುತ್ತಾ ಹೋದಂತೆ ಡಾಕ್ಟರ ಮುಖದ ಬಣ್ಣ ಹೋಗುವುದನ್ನು ಕಂಡು ಅವಳ ಮಾತು ಮೆತ್ತಗಾಗುತ್ತ ಬಂತು.

ತಹಸೀನ್ ಹಳೆಯ ಚಿತ್ರಗಳನ್ನು ತೆರೆದರು. ಹೊಸದಾಗಿ ಬಿಟ್ಟ ದ್ರವ ಗುಲಾಬಿ ಬಣ್ಣ, ಹಳಸಿದ್ದು ಹಳದಿ. ನಾನ್ನೂರ ಹದಿನೇಳರ ಒಂಬತ್ತನೇ ದಿನ, ಹತ್ತನೇ ದಿನ, ಎರಡೂ ಹಳದಿ. ಲೆಕ್ಕ ಹಾಕುವ ಯಂತ್ರ ಹಸಿರು ಚುಕ್ಕೆ ಮಾತ್ರ ಎಣಿಸುತ್ತಿತ್ತು, ತಳದ ಬಣ್ಣವನ್ನು ಯಾರೂ ನೋಡಿರಲಿಲ್ಲ. ಅವರು ಇನ್ನೊಂದು ತಟ್ಟೆಯ ಚಿತ್ರ ತೆರೆದರು. ಹಳದಿ. ಮತ್ತೊಂದು. ಹಳದಿ. ಬೇರೆ ಹೆಂಗಸರ ಸಾಲಿನದು ತೆರೆದರು.

“ಬೇರೆಯವರಿಗೂ ಇದನ್ನ ಹೇಳಿಕೊಟ್ಟಿದ್ರಾ?”

“ನೋಡಿ ಕಲೀರಿ ಅಂತ ನೀವೇ ಹೇಳಿದ್ರಲ್ಲ ಮೇಡಂ.”

ತಹಸೀನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಣ್ಣ ಮಗುವಿಗೆ ಹೇಳುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದರು. “ಗಂಗಮ್ಮನವರೇ, ಅವು ಒಂಬತ್ತನೇ ದಿನ ನಿಲ್ಲೋದು ನಾಳದೊಳಕ್ಕೆ ನುಗ್ಗೋಕೆ. ನುಗ್ಗೋ ಮುಂಚೆ ಮೈ ಕುಗ್ಗಿಸಿಕೊಳ್ಳುತ್ತವೆ, ಅಷ್ಟೆ. ಮೇವು ಇದ್ದರೆ ಎರಡು ದಿನದಲ್ಲಿ ಹೊರಡುತ್ತವೆ, ಇಲ್ಲಾ ಸಾಯುತ್ತವೆ. ಆಗ ನಮಗೆ ನಿಜ ಗೊತ್ತಾಗುತ್ತೆ. ಮೇವು ನಿಲ್ಲಿಸಿದರೆ ಅವು ಹೋಗೋದೂ ಇಲ್ಲ, ಸಾಯೋದೂ ಇಲ್ಲ. ಮಲಗಿಬಿಡುತ್ತವೆ.”

“ಹಂಗಾದ್ರೆ ಅಕ್ಕಂದು ಹರಡ್ತದೆ ಅಂತಾಯ್ತಲ್ಲ?”

“ಅದೂ ಹೇಳೋಕಾಗಲ್ಲ. ಇವು ಹಸಿದು ಎದ್ದ ಕೋಶ. ಹಸಿದದ್ದು ಹೇಗಾದರೂ ಓಡುತ್ತೆ. ಅವರ ಬಾಯಲ್ಲಿ ಅವು ಹಸಿದಿರಲಿಲ್ಲ. ಈ ತಟ್ಟೆ ಹೌದು ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ. ಇದು ಕೆಟ್ಟ ತಟ್ಟೆ.”

“ಇನ್ನೊಂದ್ಸಲ ಅಚ್ಚು ಹಾಕಿ ಮೇಡಂ. ನಾನು ಮುಟ್ಟಲ್ಲ. ದೂರ ನಿಂತಿರ್ತೀನಿ.”

“ಯಾವುದರಿಂದ ಹಾಕಲಿ? ಗೆಡ್ಡೆ ತೆಗೆದು ಫಾರ್ಮಲಿನ್‌ನಲ್ಲಿ ಹಾಕಿಬಿಟ್ಟಿದ್ದಾರೆ. ಸತ್ತ ಮಾಂಸದಿಂದ ಅಚ್ಚಾಗಲ್ಲ.” ಅವರು ಫೋನು ಕೈಗೆತ್ತಿಕೊಂಡರು. “ಸರ್ಜನ್‌ಗೆ ಹೇಳ್ತೀನಿ. ಕತ್ತು ಕುಯ್ಸೋದು ಬಿಡೋದು ಬೋರಮ್ಮನವರೇ ನಿರ್ಧರಿಸಬೇಕು, ಅವರಿಗೂ ನಾನೇ ಬಂದು ಹೇಳ್ತೀನಿ.”

“ಬ್ಯಾಡಿ” ಎಂದಳು ಗಂಗಮ್ಮ. “ಅದನ್ನ ನಾನೇ ಹೇಳ್ಬೇಕು.”

ಆ ದಿನ ಮಧ್ಯಾಹ್ನದ ಮೇವನ್ನು ಬೇರೆ ಯಾರೋ ಬಿಟ್ಟರು. ಅಚ್ಚಿನ ಯಂತ್ರಕ್ಕೆ ಬಟ್ಟೆ ಹೊದಿಸಿದರು. ಗಂಗಮ್ಮ ಹೊರಬೀಳುವಾಗ, ರೂಢಿಯಂತೆ, ತೊಟ್ಟಿಯಲ್ಲಿ ಕಾಲು ಅದ್ದಿದಳು. ಒಳಗೆ ಬರುವಾಗ ಅದ್ದಬೇಕಾದ್ದು ಎಂದು ಆಮೇಲೆ ನೆನಪಾಯಿತು.

*

ಬೋರಮ್ಮ ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದಳು. ಎಡಗೆನ್ನೆ ಊದಿ, ಹೊಲಿಗೆ ಬಿದ್ದು, ಮಾತು ಬಲಗಡೆಯಿಂದ ಸೋರಿದಂತೆ ಬರುತ್ತಿತ್ತು. ನಡುಮನೆಯಲ್ಲಿ ಗೋಡೆಗೆ ಒರಗಿ ಕುಳಿತು ರಾಗಿ ಗಂಜಿಯನ್ನು ಚಮಚದಲ್ಲಿ ಹನಿಸಿಕೊಳ್ಳುತ್ತಿದ್ದಳು. ಗಂಗಮ್ಮನನ್ನು ಕಂಡು, “ಏನೇ, ಇಷ್ಟೊತ್ಗೇ ಬಂದ್ಬುಟ್ಟೆ? ಕೆನ್ನೆಗೆಲ್ಲ ರಜಾನಾ?” ಎಂದಳು.

ಗಂಗಮ್ಮ ಅವಳ ಎದುರಿಗೆ ಕುಳಿತಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, ನೇರ ಬಾಯಿಗೆ ಬಂದದ್ದು ಹೇಳಿದಳು. “ಅಕ್ಕ, ನಿನ್ ತಟ್ಟೆ ಜ್ವರಕ್ಕೆ ಕೂತಿತ್ತು. ನಾನು ಮೇವು ಹಾಕ್ಲಿಲ್ಲ.”

ಉಳಿದದ್ದನ್ನೂ ಹೇಳಿದಳು. ಜಗಲಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ ಮಾಯಿಗೌಡನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಟವೆಲ್ಲನ್ನು ನೆಲಕ್ಕೆ ಬಡಿದ. “ಅಲ್ಲ ಕಣಮ್ಮಿ, ಓದ್ದೋರು ಯಂತ್ರ ಮಡಗವ್ರೆ, ಹೊತ್ಗೊತ್ಗೆ ಹಾಕು ಅಂದವ್ರೆ. ಹಾಕಕ್ಕೇನಾಗಿತ್ತು ನಿಂಗೆ? ಹುಳಾನಾ ಅದು? ಮನೆಯೋಳ್ ಕೈಯಲ್ಲೇ ಹಿಂಗಾಗ್ಬೇಕಾ?”

“ಹುಳ ಅಂದ್ಕಂಡೆ ಬಾವ” ಎಂದಳು ಗಂಗಮ್ಮ.

“ಸುಮ್ನಿರಿ ನೀವು” ಎಂದಳು ಬೋರಮ್ಮ ಗಂಡನಿಗೆ. ಚಮಚವನ್ನು ಬಟ್ಟಲಲ್ಲಿಟ್ಟು, ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಅವಳಿಗೆ ಒಂದು ಮಾತನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಡಾಕ್ಟರಿಗಿಂತ ಬೇಗ ಅವಳಿಗೆ ತಿಳಿದಿತ್ತು.

“ಎಷ್ಟೊತ್ತು ನಿಲ್ಸಿದೆ?”

“ನಾಕೊತ್ತು.”

“ಎಷ್ಟು ದಿನಕ್ಕೆ ಎದ್ದೋ?”

“ಇಪ್ಪತ್ತೇಳಕ್ಕೆ.”

“ಒಟ್ಗೇ ಎದ್ದೋ, ಚದ್ರಿದ್ವೋ?”

“ಒಟ್ಗೇ ಎದ್ದೋ ಕಣಕ್ಕ. ಒಂದೂ ಹಿಂದೆ ಬೀಳ್ಲಿಲ್ಲ.”

ಬೋರಮ್ಮ ತಲೆಯಾಡಿಸಿದಳು. “ಹಂಗಾದ್ರೆ ಚೆನ್ನಾಗೇ ಸಾಕಿದ್ದೀಯ” ಎಂದಳು.

ಅದರಲ್ಲಿ ಚುಚ್ಚುವಿಕೆ ಇರಲಿಲ್ಲ. ಗಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದು ಆಗಲೇ.

ಅವಳ ಅಳು ನಿಲ್ಲುವವರೆಗೂ ಬೋರಮ್ಮ ಕಾದಳು. ಆಮೇಲೆ ತನ್ನ ಕತ್ತನ್ನು ಎರಡು ಬೆರಳಿನಿಂದ ದವಡೆಯ ಕೆಳಗಿಂದ ಹೆಗಲವರೆಗೆ ಒತ್ತಿ ಒತ್ತಿ ನೋಡಿಕೊಂಡಳು. “ಡಾಕ್ಟ್ರಮ್ಮ ಏನಂದ್ರು?”

“ಅವ್ರಿಗೂ ಗೊತ್ತಿಲ್ವಂತೆ. ಹೌದೂ ಅನ್ನಕ್ಕಾಗಲ್ಲ, ಇಲ್ಲಾ ಅನ್ನಕ್ಕಾಗಲ್ಲ. ಕುಯ್ಸದು ಬುಡದು ನಿಂಗೇ ಬುಟ್ಟವ್ರೆ.”

“ನೀನೇನಂತೀಯ?”

“ನಾನೇನಂತ ಹೇಳ್ಲಕ್ಕ? ನಾನು ಮಾಡಿದ್ಕೇ ಇಷ್ಟೆಲ್ಲ ಆಯ್ತಲ್ಲ.”

“ಹೇಳೇ. ಕಣ್ಣಲ್ಲಿ ನೋಡ್ದೋಳು ನೀನೊಬ್ಳೇಯ.”

ಗಂಗಮ್ಮ ಕಣ್ಣೊರೆಸಿಕೊಂಡಳು. “ಅವು ಹೋಗೋ ಜಾತಿ ಕಣಕ್ಕ” ಎಂದಳು. “ಮೊದ್ಲಿಂದ್ಲೂ ಕಾಲು ಚುರುಕಾಗಿದ್ವು. ಮಲಗಿದ್ದು ನನ್ನಿಂದ.”

ಮಾಯಿಗೌಡ ಬಾಗಿ ನೆಲದ ಮೇಲಿದ್ದ ಟವೆಲ್ಲನ್ನು ಎತ್ತಿಕೊಂಡ. “ತೋಳು ಬಿದ್ದೋಯ್ತದೆ ಅಂತಾರಲ್ಲೇ” ಎಂದ.

“ಬೀಳ್ಲಿ. ನೀವು ಸೊಪ್ಪು ಕತ್ತರ್ಸದು ಕಲ್ತ್ಕಳಿ” ಎಂದಳು ಬೋರಮ್ಮ.

*

ನಾಲ್ಕನೇ ದಿನ ಕತ್ತು ಕೊಯ್ದರು. ಕಿವಿಯ ಹಿಂದಿನಿಂದ ಹೊರಟು ಎದೆಯ ಮೂಳೆವರೆಗೆ ಒಂದು ಗೆರೆ. ಮೂವತ್ತೊಂದು ಗಂಟು ತೆಗೆದು ಪರೀಕ್ಷೆಗೆ ಕಳಿಸಿದರು. ಹನ್ನೆರಡು ದಿನದ ಮೇಲೆ ಫಲಿತಾಂಶ ಬಂದಾಗ ತಹಸೀನ್ ಫೋನು ಮಾಡದೆ ತಾವೇ ಬಿಳಿದಾಳೆದೊಡ್ಡಿಗೆ ಬಂದರು. ಹುಳುಮನೆಯ ಮುಂದೆ ಸೊಪ್ಪಿನ ಕಡ್ಡಿ ಗುಡಿಸುತ್ತಿದ್ದ ಗಂಗಮ್ಮ ಪೊರಕೆ ಹಿಡಿದೇ ನಿಂತಳು.

“ಮೂರು ಗಂಟಲ್ಲಿ ಇತ್ತು” ಎಂದರು ತಹಸೀನ್. “ಎರಡರಲ್ಲಿ ಒಳಗೇ ಇತ್ತು. ಒಂದು ಒಡೆದು ಹೊರಗೆ ಬಂದಿತ್ತು. ಕುಯ್ಸಿದ್ದು ಒಳ್ಳೇದಾಯ್ತು. ಇನ್ನು ಮೂವತ್ತಮೂರು ದಿನ ವಿಕಿರಣದ ಕರೆಂಟ್ ಕೊಡಬೇಕು.”

“ಮೊದ್ಲೇ ಕುಯ್ದಿದ್ರೆ ಆ ಒಂದು ಒಡೀತಿರ್ಲಿಲ್ವಾ?”

ಸುಳ್ಳು ಹೇಳುವ ಅಭ್ಯಾಸ ತಹಸೀನ್ ಅವರಿಗಿರಲಿಲ್ಲ. “ಗೊತ್ತಿಲ್ಲ ಗಂಗಮ್ಮ. ಒಡೀದೇ ಇರಬಹುದಿತ್ತು.”

ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದರು. ಹದಿನಾಲ್ಕು ತಿಂಗಳ ಚಿತ್ರಗಳನ್ನೆಲ್ಲ ಒಂದೊಂದಾಗಿ ತೆರೆದು, ತಳ ಹಳದಿಯಾಗಿದ್ದೂ ‘ಹರಡುವುದಿಲ್ಲ’ ಎಂದು ಚೀಟಿ ಹೋದ ತಟ್ಟೆಗಳ ಪಟ್ಟಿ ಮಾಡಿದ್ದರು. ಎಪ್ಪತ್ತೊಂದು ಹೆಸರು. ಮೇಲಿನವರಿಗೆ ಬರೆದಾಗಿತ್ತು, ಎಪ್ಪತ್ತೊಂದು ಮನೆಗೂ ‘ಮರುಪರೀಕ್ಷೆಗೆ ಹಾಜರಾಗತಕ್ಕದ್ದು’ ಎಂದು ಕಾಗದ ಹೋಗಿತ್ತು. ಬಂದವರು ನಾಲ್ಕು ಜನ. ಫೋನು ಮಾಡಿದರೆ, ನಮಗೇನೂ ಇಲ್ಲವೆಂದು ನೀವೇ ಹೇಳಿದ್ದೀರಲ್ಲ ಎಂದು ಇಟ್ಟುಬಿಡುತ್ತಿದ್ದರಂತೆ.

“ನನ್ನ ಮಾತು ಅವರಿಗೆ ತಾಕ್ತಾ ಇಲ್ಲ” ಎಂದರು.

ಗಂಗಮ್ಮ ಹಾಳೆಯನ್ನು ಒಳಗೆ ಒಯ್ದು ಬೋರಮ್ಮನಿಗೆ ಓದಿ ಹೇಳಿದಳು. ಎಷ್ಟೋ ಹೆಸರು ಅವರಿಬ್ಬರಿಗೂ ಗೊತ್ತಿದ್ದವೇ, ಗೂಡಿನ ಮಾರುಕಟ್ಟೆಯಲ್ಲಿ ಕಂಡವರು, ಚಾಕಿ ಹುಳು ಒಯ್ದವರು. ಬೋರಮ್ಮನ ಎಡತೋಳು ಮಡಿಲಲ್ಲಿ ಬಿದ್ದಿತ್ತು, ಅದನ್ನು ಬಲಗೈಯಿಂದ ಎತ್ತಿ ದಿಂಬಿನ ಮೇಲಿಟ್ಟುಕೊಂಡಳು.

“ಹೋಗು. ನಂಗೆ ಹೇಳ್ದಂಗೇ ಹೇಳು. ಜ್ವರ ಅನ್ನು, ತಿಳ್ಕತಾರೆ.”

“ಹೊಡೀತಾರೆ ಕಣಕ್ಕ.”

“ಹೊಡದ್ರೆ ಹೊಡುಸ್ಕೊ.”

ಮೊದಲ ಹೆಸರು ಹುಣಸನಾಳಿನ ಪುಟ್ಟಸಿದ್ದಯ್ಯನದು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ಹೆಣೆಯುವವನು. ಅವನ ತಟ್ಟೆ ಮುಗಿದು ಎಂಟು ತಿಂಗಳಾಗಿತ್ತು. ಗಂಗಮ್ಮ ಹೋದಾಗ ಬೆಳಗಿನ ಬಿಸಿಲಲ್ಲಿ ಅಂಗಳದ ತುಂಬ ಬಿದಿರಿನ ದಬ್ಬೆ ಹರವಿಕೊಂಡು ಕುಳಿತಿದ್ದ. ಗುರುತು ಹಿಡಿದು, “ಓಹೋ, ಚಾಕಿ ಗಂಗವ್ವ! ಬಾ ಬಾ. ಚಂದ್ರಿಕೆ ಬೇಕಿತ್ತಾ?” ಎಂದು ಹೆಂಡತಿಗೆ ನೀರು ತರಲು ಕೂಗಿದ.

ಗಂಗಮ್ಮ ನೀರು ಕುಡಿದಳು. “ಕಾಗ್ದ ಬಂದಿತ್ತಲ್ಲಣ್ಣ, ಯಾಕೆ ಹೋಗ್ಲಿಲ್ಲ?”

“ಅದಾ? ಯಾರ್ ಹೋದಾರು ಬುಡವ್ವ. ನಂಗೇನಾಗೈತೆ? ಮುದ್ದೆ ಉಣ್ತೀನಿ, ಬಿದ್ರು ಸೀಳ್ತೀನಿ. ಅಲ್ನೋಡು” ಎಂದು ಬಾಯನ್ನು ಅಗಲಕ್ಕೆ ತೆರೆದು, ಬೆರಳಿನಿಂದ ಕೆನ್ನೆ ಹಿಗ್ಗಿಸಿ, ಬೆಳಕಿಗೆ ತಿರುಗಿಸಿ ತೋರಿಸಿದ. ಗಾಯ ಚೆನ್ನಾಗಿ ಮಾಗಿ, ಗುಲಾಬಿ ಬಣ್ಣಕ್ಕೆ ತಿರುಗಿತ್ತು.

ಅವಳು ಬಾಯಿ ನೋಡಲಿಲ್ಲ. ತಲೆ ಹಿಂದಕ್ಕೆ ವಾಲಿಸಿದ್ದರಿಂದ ಅವನ ಕತ್ತು ಬಿಸಿಲಿಗೆ ಬಂದಿತ್ತು. ಗಂಗಮ್ಮ ಕೈ ಚಾಚಿ, ಹುಳು ಮುಟ್ಟುವಷ್ಟು ಮೆತ್ತಗೆ, ದವಡೆಯ ಕೆಳಗೆ ಎರಡು ಬೆರಳಿಟ್ಟಳು. ನೆನೆದ ಅವರೆಕಾಳಿನಷ್ಟು ದಪ್ಪದ ಗಂಟು, ಆದರೆ ಕಲ್ಲಿನಂತೆ ಗಟ್ಟಿ. ಒತ್ತಿದರೆ ಅಲುಗಲಿಲ್ಲ.

“ಇದು ಯಾವಾಗಿಂದ ಐತಣ್ಣ?”

ಪುಟ್ಟಸಿದ್ದಯ್ಯ ಬಾಯಿ ಮುಚ್ಚಿದ. ತಲೆ ನೆಟ್ಟಗೆ ಮಾಡಿಕೊಂಡು, ಇನ್ನೂ ನಗುತ್ತಲೇ, ಅವಳ ಬೆರಳಿದ್ದ ಕಡೆಗೆ ತನ್ನ ಬೆರಳು ತಂದ.

“ಯಾವ್ದವ್ವ?” ಎಂದ.